ವಿಭೂತಿ ಹಚ್ಚಿದ ರಾಣಿಯೊಡನೆ ಸಿಂಹಳಕ್ಕೆ

ಜಯನಗರ, ಮೂರನೇ ಬ್ಲಾಕು

ಸಿಂಹಳಕ್ಕೆ ಹೋಗಿಬಂದ ಮೇಲೆ ನಮ್ಮ ಬೀದಿಯ ಹೆಂಗಸರೆಲ್ಲ ಕೇಳಿದ್ದು ಒಂದೇ ಮಾತು: ರಾವಣನ ಊರು ಹೇಗಿದೆ? ನಾನು ಸರಿಯಾಗಿ ನೋಡಲಿಲ್ಲ ಎಂದರೆ ಯಾರೂ ನಂಬಲಿಲ್ಲ. ಸಮುದ್ರ ದಾಟಿ ಹೋದವಳು ಕಣ್ಣು ಮುಚ್ಚಿಕೊಂಡು ಹೋಗಿದ್ದಳೇ ಎಂದು ಮೂಗು ಮುರಿದರು. ನಿಜ ಹೇಳುತ್ತೇನೆ, ಹೋಗುವಾಗ ದಾರಿಯುದ್ದಕ್ಕೂ ನನ್ನ ಕಣ್ಣೆಲ್ಲ ನನ್ನ ಸೊಂಟದ ಚೀಲದ ಮೇಲೆಯೇ ಇತ್ತು. ಅದರೊಳಗೆ ವಿಕ್ಟೋರಿಯಾ ರಾಣಿ ಕೂತಿದ್ದಳು.

ನಮ್ಮನೆಯವರಿಗೆ ಹಳೆಯ ನಾಣ್ಯಗಳ ಹುಚ್ಚು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಯಾರ ಕಣ್ಣಿಗೂ ಬೀಳದ ಮನುಷ್ಯ. ಅವರ ಮೇಲಧಿಕಾರಿ ಹತ್ತು ವರ್ಷವಾದರೂ ಇವರನ್ನು ಬೇರೆ ಯಾರದೋ ಹೆಸರಿನಿಂದ ಕೂಗುತ್ತಿದ್ದರಂತೆ, ಇವರೂ ‘ಎಸ್ ಸಾರ್’ ಎಂದು ಎದ್ದು ಹೋಗುತ್ತಿದ್ದರಂತೆ. ಸರಿಯಾದ ಹೆಸರು ಯಾವುದೆಂದು ನಾನೂ ಹೇಳುವಂತಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ರೇಷನ್ ಕಾರ್ಡಿನವರು ಬಂದು ಕೇಳಿದಾಗಲೂ ನಾನು ಪಕ್ಕದ ಮನೆಯವರನ್ನು ಕರೆದು ಹೇಳಿಸಿದ್ದೆ.

ಭಾನುವಾರ ಬಂತೆಂದರೆ ಇವರು ಸೈಕಲ್ ಹತ್ತಿ ಬನ್ನೇರುಘಟ್ಟ ರಸ್ತೆಯ ಹಳ್ಳಿಗಳನ್ನು ಸುತ್ತುವರು. ಹಾಗೆ ಸುತ್ತುವಾಗ ಅರೆಕೆರೆಯ ಒಬ್ಬ ಒಕ್ಕಲಜ್ಜಿಯ ಎಲೆಯಡಿಕೆ ಚೀಲದಿಂದ ಸಿಕ್ಕಿದ್ದು ಒಂದು ಬೆಳ್ಳಿ ರೂಪಾಯಿ. ಹಳ್ಳಿಗಳಲ್ಲಿ ಅಂಥ ರೂಪಾಯಿಗಳಿಗೆ ಕೊಂಡಿ ಬೆಸೆಸಿ ಸರಕ್ಕೆ ಪೋಣಿಸಿಬಿಡುತ್ತಾರೆ. ಆ ಅಜ್ಜಿ ಮಾತ್ರ ಅತ್ತೆ ಕೊಟ್ಟದ್ದೆಂದು ಬಟ್ಟೆಯಲ್ಲಿ ಸುತ್ತಿ ಹಾಗೇ ಇಟ್ಟುಕೊಂಡಿದ್ದಳು. ರಾಣಿಯ ಕೆನ್ನೆ, ಕಿವಿಯ ಮೇಲಿನ ಕೂದಲು, ಕಿರೀಟದ ಮಣಿ, ಯಾವುದೂ ಸವೆದಿರಲಿಲ್ಲ. ನಾಣ್ಯದಲ್ಲಿ ಮೊದಲು ಸವೆಯುವುದು ಈ ಉಬ್ಬಿದ ಜಾಗಗಳು, ದರ್ಜೆ ಹೇಳುವವರು ಮೊದಲು ನೋಡುವುದೂ ಇವನ್ನೇ. ಇಷ್ಟು ವಿದ್ಯೆ ನನಗೆ ಈಗ ಬಂದಿದೆ. ಆಗ ಅವರು ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತ ಅವರೆಕಾಯಿ ಬಿಡಿಸುತ್ತಿದ್ದೆ.

ಸಿಂಹಳದ ಕ್ಯಾಂಡಿಯಲ್ಲಿ ಲೂಡ್ವಿಕ್ ಎಂಬ ವಯಸ್ಸಾದ ಸಾಹೇಬರಿದ್ದರು. ಅಲ್ಲೇ ಹುಟ್ಟಿ ಬೆಳೆದ ಡಚ್ಚರ ವಂಶದವರು, ನಾಣ್ಯ ಪರೀಕ್ಷೆಯಲ್ಲಿ ಎತ್ತಿದ ಕೈ. ಅವರಿಗೂ ಇವರಿಗೂ ಎಂಟು ವರ್ಷದಿಂದ ಕಾಗದದಲ್ಲೇ ಸ್ನೇಹ, ಕಾಗದದಲ್ಲೇ ಜಗಳ. ಇದೇ ವರ್ಷದ ಇಂಥದೇ ರೂಪಾಯಿ ಅವರಲ್ಲೂ ಇತ್ತು. ತನ್ನದೇ ಉತ್ತಮ ಎಂದು ಅವರು, ಇಲ್ಲ ನನ್ನದು ಎಂದು ಇವರು. ಕೊನೆಗೆ ಸಾಹೇಬರು ಬರೆದರು: ನಾನೊಂದು ಪುಸ್ತಕ ಬರೆಯುತ್ತಿದ್ದೇನೆ, ನಿಮ್ಮದನ್ನು ತಂದು ನನ್ನದರ ಪಕ್ಕ ಇಡಿ, ನಿಮ್ಮದು ಮೇಲಾದರೆ ಅದರ ಚಿತ್ರ ಹಾಕಿ ಕೆಳಗೆ ನಿಮ್ಮ ಹೆಸರನ್ನೂ ಊರನ್ನೂ ಅಚ್ಚು ಹಾಕಿಸುತ್ತೇನೆ. ಆ ಕಾಗದವನ್ನು ಇವರು ಎಷ್ಟು ಸಲ ಓದಿದರೆಂದರೆ ಮಡಿಕೆಯಲ್ಲಿ ಹರಿದು ಎರಡು ತುಂಡಾಯಿತು. ಹೆಸರು ಅಚ್ಚಾಗುವುದು, ಅದೂ ಸರಿಯಾದ ಹೆಸರು! ಎರಡು ವರ್ಷದ ರಜೆ ಕೂಡಿಹಾಕಿದರು. ಮಕ್ಕಳನ್ನು ತಿಲಕ್ ನಗರದ ನನ್ನ ತಂಗಿಯ ಮನೆಗೆ ಬಿಟ್ಟೆವು. ನನ್ನನ್ನು ಕರೆದುಕೊಂಡು ಹೊರಟದ್ದು ಪ್ರೀತಿಗೆ ಅಂದುಕೊಂಡಿದ್ದೆ. ಸಮುದ್ರದ ಆಚೆ ನಮ್ಮ ಅಡುಗೆ ಸಿಗುವುದಿಲ್ಲ ಎಂಬ ಭಯವೂ ಅದರಲ್ಲಿ ಅರ್ಧ ಇತ್ತು.

ಹೊರಡುವ ದಿನ ಬೆಳಿಗ್ಗೆ ನಾನು ನಮ್ಮಿಬ್ಬರ ಲಿಂಗದ ಕರಡಿಗೆಗಳನ್ನು ತೊಳೆಯುತ್ತಿದ್ದೆ. ಕೊರಳಲ್ಲಿ ಧರಿಸುವ ಲಿಂಗವನ್ನು ಇಡುವ ಬೆಳ್ಳಿಯ ಡಬ್ಬಿ ಅದು. ನಮ್ಮ ಮನೆಗಳಲ್ಲಿ ಬೆಳ್ಳಿಗೆ ಹುಣಸೆಹಣ್ಣು ಹಾಕುವುದಿಲ್ಲ, ವಿಭೂತಿ. ಒದ್ದೆ ಬಟ್ಟೆಗೆ ವಿಭೂತಿ ಹಚ್ಚಿ ಉಜ್ಜಿದರೆ ಬೆಳ್ಳಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಇವರು ಸ್ನಾನಕ್ಕೆ ಹೋಗಿದ್ದರು. ಮೇಜಿನ ಮೇಲೆ ಮೆತ್ತನೆಯ ಬಟ್ಟೆಯ ಚೀಲ ಬಿಚ್ಚಿತ್ತು, ಅದರ ಮೇಲೆ ಆ ರೂಪಾಯಿ. ಅಯ್ಯೋ ಶಿವನೇ, ಅದರ ಅವಸ್ಥೆ! ಅಂಚಿನಲ್ಲಿ ನೀಲಿ, ನಡುವೆ ಕಂದು, ಎಲ್ಲೋ ಒಂದಿಷ್ಟು ನೇರಳೆ. ನನ್ನ ಕಣ್ಣಿಗೆ ಅದು ಶುದ್ಧ ಕಿಲುಬು. ಪರದೇಶದ ದೊಡ್ಡ ಮನುಷ್ಯರ ಮನೆಗೆ ಇದನ್ನು ಹೀಗೇ ಒಯ್ದರೆ, ಇವರ ಮನೆಯಲ್ಲಿ ಹೆಂಗಸರಿಲ್ಲವೇ ಎಂದು ಅವರು ಕೇಳುವುದಿಲ್ಲವೇ? ಅದನ್ನು ಮುಟ್ಟಬೇಡ ಎಂದು ಇವರು ಹೇಳಿದ್ದು ನಿಜ. ಕಳೆದುಹೋದೀತು ಎಂಬ ಭಯಕ್ಕೆ ಹೇಳಿದ್ದೆಂದು ತಿಳಿದಿದ್ದೆ. ಕರಡಿಗೆಗಳ ಜೊತೆಗೆ ಅದನ್ನೂ ಚೆನ್ನಾಗಿ ಉಜ್ಜಿ, ಒರೆಸಿ, ಚೀಲಕ್ಕೆ ಹಾಕಿ ದಾರ ಬಿಗಿದೆ. ಸಾಹೇಬರ ಮೇಜಿನ ಮೇಲೆ ಬಿಚ್ಚಿದಾಗ ಇವರೇ ಬೆರಗಾಗಲಿ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ.

ಇವರು ಸ್ನಾನ ಮುಗಿಸಿ ಬಂದು ಚೀಲವನ್ನು ನನ್ನ ಕೈಗೇ ಕೊಟ್ಟರು. “ನನ್ನ ಜೇಬಾದ್ರೆ ಯಾರಾದ್ರೂ ಕತ್ತರಿಸ್ತಾರೆ. ನಿನ್ನ ಸೊಂಟದಲ್ಲಿದ್ರೆ ಕ್ಷೇಮ ಕಣೇ. ಕ್ಯಾಂಡಿವರೆಗೂ ಬಿಚ್ಚೋದು ಬೇಡ.”

ಧನುಷ್ಕೋಟಿಯ ರೈಲು

ಮದರಾಸಿನಲ್ಲಿ ರೈಲು ಬದಲಿಸಿದೆವು. ನಮ್ಮ ಎದುರಿಗೆ ಮಧುರೆಗೆ ಹೊರಟಿದ್ದ ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಕೂತಿದ್ದರು. ಕನ್ನಡದವರು ಸಿಕ್ಕರೆಂದು ಇವರು ನಾಣ್ಯ ಪುರಾಣ ತೆಗೆದರು. ನಾನು ಟಿಫಿನ್ ಕ್ಯಾರಿಯರ್ ಬಿಚ್ಚಿ ಚಿತ್ರಾನ್ನ ಬಡಿಸುತ್ತಿದ್ದೆ. ಆ ಪುಣ್ಯಾತ್ಮರು ಸುಮ್ಮನೆ ಊಟ ಮಾಡಬಾರದೇ? ಅಷ್ಟು ಹಳೆಯ ಬೆಳ್ಳಿ ಕಪ್ಪಾಗಿರುತ್ತದಲ್ಲ, ತೊಳೆದು ಒಯ್ಯುತ್ತೀರೋ ಎಂದು ಕೇಳಿದರು.

“ತೊಳೆಯೋದೇ? ಅದು ಕೊಲೆ ಮಾಡಿದ ಹಾಗೆ ಸ್ವಾಮಿ,” ಎಂದರು ಇವರು. “ಆ ಬಣ್ಣ ಬರೋಕೆ ತೊಂಬತ್ತು ವರ್ಷ ಬೇಕು. ಪಾರಿವಾಳದ ಕುತ್ತಿಗೆ ನೋಡಿದೀರಲ್ಲ, ಹಂಗಿದೆ ನಮ್ಮ ರಾಣಿ. ಒಂದು ಸಲ ಉಜ್ಜಿದ್ರೆ ಮುಗೀತು, ಯಾವ ದರ್ಜೆಗೂ ಸೇರೋದಿಲ್ಲ.”

ನನ್ನ ಕೈಯಿಂದ ಸೌಟು ಜಾರಿ ವ್ಯಾಪಾರಿಗಳ ಪಂಚೆಯ ಮೇಲೆ ಬಿತ್ತು. ಅವರು ಪಾಪ ರೈಲಿನ ಕುಲುಕಾಟವೆಂದು ತಿಳಿದು ನನ್ನನ್ನೇ ಸಮಾಧಾನ ಮಾಡಿದರು. ಇವರು ಮಾತು ಮುಂದುವರಿಸಿದರು. ತೊಳೆಯದ ನಾಣ್ಯವನ್ನು ಬೆಳಕಿನಲ್ಲಿ ಓರೆ ಮಾಡಿದರೆ ಹೊಳಪು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುತ್ತುತ್ತದಂತೆ. ತೊಳೆದದ್ದು ಹೊಸ ಲೋಟದ ಹಾಗೆ ಎಲ್ಲ ಕಡೆಯೂ ಒಂದೇ ಸಮ ಹೊಳೆಯುತ್ತದಂತೆ, ಕೂದಲೆಳೆಯಂಥ ಗೀರು ಬೀಳುತ್ತದಂತೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವರ ನಾಣ್ಯದ ಮಾತನ್ನು ನಾನು ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು. ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಅವರ ಮುಖದಲ್ಲಿ ಮದುವೆಯ ದಿನವೂ ಇಲ್ಲದ ಕಳೆ ಇತ್ತು. ಉಪ್ಪಿನಕಾಯಿ ಬೇಕೇ ಎಂದು ಕೇಳಿದೆ.

ಹಡಗು, ಆಮೇಲೆ ಮತ್ತೆ ರೈಲು

ಸಮುದ್ರ ಹೇಗಿತ್ತು ಎಂದರೆ ದೊಡ್ಡದಾಗಿತ್ತು. ನಮ್ಮ ಸ್ಯಾಂಕಿ ಕೆರೆ ನೋಡಿದವರು ಅದಕ್ಕೆ ಆಚೆ ದಡ ಇಲ್ಲವೆಂದು ಕಲ್ಪಿಸಿಕೊಳ್ಳಿ. ಇವರು ಕಂಬಿ ಹಿಡಿದು ನಿಂತು ಮೀನು ಹಾರುವುದನ್ನು ಮಕ್ಕಳ ಹಾಗೆ ಎಣಿಸುತ್ತಿದ್ದರು. ನಾನು ಒಂದು ಮೂಲೆಯಲ್ಲಿ ಯಾಳ್ಪಾಣದ, ಅಂದರೆ ಜಾಫ್ನಾದ, ತಮಿಳು ಟೀಚರಮ್ಮ ಒಬ್ಬರ ಪಕ್ಕ ಕೂತಿದ್ದೆ. ಬೆಂಗಳೂರು ತಮಿಳು ನನಗೆ ತರಕಾರಿ ಕೊಳ್ಳುವಷ್ಟು ಬರುತ್ತದೆ. ಅದರಲ್ಲೇ ಹೇಗೋ ವಿಷಯ ತಂದೆ: ಬೆಳ್ಳಿಯನ್ನು ಬೆಳ್ಳಗೆ ಮಾಡುವುದು ಗೊತ್ತು, ಕಪ್ಪಗೆ ಮಾಡುವುದು ಹೇಗೆ? ಆಕೆ ನನ್ನನ್ನು ಒಂದು ಥರ ನೋಡಿದರು. ಜಗತ್ತಿನಲ್ಲಿ ಹಾಗೆ ಕೇಳಿದ ಮೊದಲ ಹೆಂಗಸು ನಾನೇ ಇರಬೇಕು. ಬೇಯಿಸಿದ ಮೊಟ್ಟೆಯನ್ನು ಬೆಳ್ಳಿ ಚಮಚದಲ್ಲಿ ತಿಂದರೆ ಚಮಚ ಕಪ್ಪಾಗುತ್ತದೆ, ಒಂದೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ, ಎಂದರು.

ಮೊಟ್ಟೆ! ನಮ್ಮ ಮನೆಯಲ್ಲಿ ಆ ಶಬ್ದವನ್ನೂ ತಗ್ಗಿದ ದನಿಯಲ್ಲಿ ಹೇಳುತ್ತೇವೆ.

ಇವರ ಮಡಿ ಎಂಥದೆಂದು ಹೇಳಿದರೆ ನನ್ನ ಸಂಕಟ ತಿಳಿದೀತು. ದಡ ಸೇರಿ ಕೊಲಂಬೊ ರೈಲಿನಲ್ಲಿ ಕೂತಾಗ ಒಂದು ನಿಲ್ದಾಣದಲ್ಲಿ ಬ್ರೆಡ್ಡಿನ ಜೊತೆ ಕೆಂಪಗೆ ತೆಂಗಿನಕಾಯಿ ಚಟ್ನಿ ಮಾರಲು ಬಂತು. ಇವರು ಆಸೆಯಿಂದ ಕೊಂಡು ತುಟಿಯವರೆಗೆ ತಂದಿದ್ದರು. ಅಷ್ಟರಲ್ಲಿ ಟೀಚರಮ್ಮ, ಅದರಲ್ಲಿ ಒಣಮೀನಿನ ಪುಡಿ ಇದೆ ಎಂದರು. ಆ ದೇಶದಲ್ಲಿ ಚಟ್ನಿಗೂ ಮೀನು ಬೇಕು, ನಮಗೆ ಇಂಗು ಬೇಕಾದ ಹಾಗೆ. ಇವರು ಬರೀ ವಾಸನೆ ನೋಡಿದ್ದಕ್ಕೆ ನಲ್ಲಿಯ ಹತ್ತಿರ ಓಡಿ ಬಾಯಿ ಮುಕ್ಕಳಿಸತೊಡಗಿದರು. ರೈಲು ಸೀಟಿ ಹೊಡೆದರೂ ಮುಗಿಯಲಿಲ್ಲ. ಗಾರ್ಡು ಬಂದು ರಟ್ಟೆ ಹಿಡಿದು ಹತ್ತಿಸಬೇಕಾಯಿತು.

ಕ್ಯಾಂಡಿ, ಬೆಳಿಗ್ಗೆ

ಕ್ಯಾಂಡಿ ಬೆಟ್ಟಗಳ ನಡುವೆ ಕೆರೆ ಇಟ್ಟುಕೊಂಡ ಊರು. ಹೆಂಗಸರು ಸೀರೆ ಉಟ್ಟು ಸೊಂಟದ ಸುತ್ತ ಒಂದು ಝಾಲರಿ ಬಿಟ್ಟುಕೊಳ್ಳುತ್ತಾರೆ. ಅದರಲ್ಲಿ ನಾಣ್ಯದ ಚೀಲ ಅಡಗಿಸಲು ಬಹಳ ಅನುಕೂಲ ಎಂದು ನನಗೆ ಅನ್ನಿಸಿತು. ನಾವು ಇಳಿದುಕೊಂಡದ್ದು ಶೈವರ ಊಟದ ಮನೆಯ ಮೇಲಿನ ಕೋಣೆಯಲ್ಲಿ. ಹನ್ನೊಂದು ಗಂಟೆಗೆ ಸಾಹೇಬರ ಮನೆಗೆ ಹೋಗಬೇಕಿತ್ತು. ಇವರು ಸ್ನಾನ ಮಾಡಿ ಲಿಂಗಪೂಜೆಗೆ ಕೂತರು. ಕೂತರೆ ಒಂದು ಗಂಟೆ ಕಣ್ಣು ಬಿಡುವವರಲ್ಲ. ನಾನು ಸೆರಗು ಹೊದ್ದು ಎದುರು ಸಾಲಿನ ಅಂಗಡಿಗೆ ಓಡಿದೆ.

ಅಂಗಡಿಯವನಿಗೆ ಸಿಂಹಳ ಬಿಟ್ಟು ಬೇರೆ ಭಾಷೆ ಬಾರದು. ನಾನು ಬೆರಳಲ್ಲಿ ಗುಂಡಗೆ ತೋರಿಸಿದೆ, ಅವನು ನಿಂಬೆಹಣ್ಣು ಕೊಟ್ಟ. ತಲೆ ಅಲ್ಲಾಡಿಸಿದೆ, ಈರುಳ್ಳಿ ಕೊಟ್ಟ. ಮಾನ ಮರ್ಯಾದೆ ಜಯನಗರದಲ್ಲಿ ಬಿಟ್ಟು ಬಂದಿದ್ದೇನೆ ಎಂದುಕೊಂಡು, ಎರಡೂ ಮೊಣಕೈ ಅಲ್ಲಾಡಿಸಿ ಕೊಕ್ಕೊಕ್ಕೋ ಎಂದೆ. ಅವನು ಬಹಳ ಸಂತೋಷದಿಂದ ಒಳಗೆ ಹೋಗಿ ಜೀವಂತ ಕೋಳಿಯನ್ನೇ ಎತ್ತಿಕೊಂಡು ಬಂದ. ಕೊನೆಗೆ ಪಾತ್ರೆಯಲ್ಲಿದ್ದ ಬೇಯಿಸಿದ ಮೊಟ್ಟೆ ನಾನೇ ಕಂಡು ಬೆರಳು ಮಾಡಿದೆ. ಅವನು ಸಿಪ್ಪೆ ಸುಲಿದು, ಉಪ್ಪು ಮೆಣಸು ಹಾಕಿ, ಎಲೆಯ ಮೇಲಿಟ್ಟು, ನಾನು ತಿನ್ನಲೆಂದು ನಗುತ್ತ ನಿಂತ. ಆ ಊರಿನವರು ಅತಿಥಿ ಮೊದಲ ತುತ್ತು ತಿನ್ನುವವರೆಗೂ ಮುಖ ನೋಡುತ್ತಲೇ ಇರುತ್ತಾರೆ. ನಾನು ಕೈಮುಗಿದು, ಎಲೆ ಮಡಚಿ, ಓಡಿ ಬಂದೆ.

ಇವರು ಇತ್ತ ಮುಖ ಮಾಡಿ ಪೂಜೆಯಲ್ಲಿದ್ದಾರೆ. ಅತ್ತ ಮಂಚದ ಕೆಳಗೆ ಖಾಲಿ ಚಕ್ಕುಲಿ ಡಬ್ಬಿಯಲ್ಲಿ ಮೊಟ್ಟೆಯೂ ರಾಣಿಯೂ ಒಟ್ಟಿಗೆ ಕೂತಿದ್ದಾರೆ. ಶಿವ ನನ್ನನ್ನು ಕ್ಷಮಿಸಿದನೋ ಇಲ್ಲವೋ ನಾನು ಇನ್ನೂ ಕೇಳಿಲ್ಲ. ಇವರು ಪೂಜೆ ಮುಗಿಸಿ ಮೂಗು ಅರಳಿಸಿ ಏನೋ ವಾಸನೆ ಎಂದರು. ಈ ಊರಿನ ಗಾಳಿಯೇ ಹೀಗಂತೆ ಎಂದೆ. ಅವರು ಅಂಗಿ ತೊಡುವಾಗ ತೆಗೆದು ನೋಡಿದರೆ ರಾಣಿಯ ಕೆನ್ನೆ ಹಳದಿ, ಗಲ್ಲದ ಕೆಳಗೆ ಕಂದು ಮಚ್ಚೆ, ಕಿರೀಟ ಬೆಳ್ಳಗೆ. ಪಾರಿವಾಳದ ಕುತ್ತಿಗೆಯೂ ಇಲ್ಲ, ಮಣ್ಣೂ ಇಲ್ಲ. ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿ ದಾರ ಕಟ್ಟಿದೆ. ಅವರ ಎಂಟು ವರ್ಷದ ಆಸೆಯನ್ನು ಎರಡೆರಡು ಸಲ ಹಾಳು ಮಾಡಿದ್ದೆ.

ಲೂಡ್ವಿಕ್ ಸಾಹೇಬರ ಮೇಜು

ಸಾಹೇಬರು ಎಪ್ಪತ್ತು ದಾಟಿದವರು, ಉದ್ದಕ್ಕೆ ತೆಳ್ಳಗೆ ಇದ್ದರು. ಬಾಗಿಲಲ್ಲೇ ಕೈಮುಗಿದು, ಅಡುಗೆಯವನಿಗೆ ಮಾಂಸವಿಲ್ಲ ಮೀನಿಲ್ಲ ಮೊಟ್ಟೆಯಿಲ್ಲ ಎಂದು ಮೂರು ಸಲ ಹೇಳಿದ್ದೇನೆ, ನಿಮ್ಮ ಕಾಗದದಲ್ಲಿ ಮೊಟ್ಟೆಯ ಕೆಳಗೆ ಎರಡು ಗೆರೆ ಎಳೆದಿದ್ದಿರಿ ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ನನ್ನ ಮಿಡ್ಲ್ ಸ್ಕೂಲಿನ ಇಂಗ್ಲಿಷಿಗೂ ಅದು ಅರ್ಥವಾಯಿತು. ಆಗ ಅರ್ಥವಾಗದಿದ್ದರೇ ಚೆನ್ನಾಗಿತ್ತು.

ಕಿಟಕಿಯ ಪಕ್ಕದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಅವರ ರೂಪಾಯಿ ಇಟ್ಟಿದ್ದರು. ಅದರ ಮೇಲೆ ಆ ನೀಲಿ, ಆ ನೇರಳೆ. ನಾನು ಕಿಲುಬೆಂದು ಉಜ್ಜಿದ ಬಣ್ಣ ಎಷ್ಟು ಚಂದವೆಂದು ಆಗ ಕಂಡೆ. ಇವರು ನನ್ನಿಂದ ಚೀಲ ತೆಗೆದುಕೊಂಡು, ದಾರ ಬಿಚ್ಚಿ, ನಮ್ಮ ರಾಣಿಯನ್ನು ಪಕ್ಕದಲ್ಲಿ ಇಟ್ಟರು. ಇಟ್ಟ ಕೈ ಅಲ್ಲೇ ನಿಂತಿತು. ಅವರ ಕುತ್ತಿಗೆಯ ಹಿಂದೆ ಬೆವರು ಮೂಡಿದ್ದು ನನಗೆ ಕಾಣುತ್ತಿತ್ತು.

ಸಾಹೇಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಓರೆ ಮಾಡಿದರು, ತಿರುಗಿಸಿದರು. ಕೆನ್ನೆ ಸವೆದಿಲ್ಲ, ಕೂದಲು ಸವೆದಿಲ್ಲ, ಇದು ನನ್ನದಕ್ಕಿಂತ ಮೇಲಾಗಿತ್ತು ಎಂದರು. ‘ಆಗಿತ್ತು’ ಎಂದು ಇನ್ನೊಮ್ಮೆ ಹೇಳಿದರು. ಆಮೇಲೆ ಬೆಂಕಿಕಡ್ಡಿಯನ್ನು ಚೂಪು ಮಾಡಿ ರಾಣಿಯ ಜಡೆಯ ಸಂದಿಯಿಂದ ಒಂದು ಚೂರು ಬಿಳಿ ಪುಡಿ ತೆಗೆದು ಕಪ್ಪು ಕಾಗದದ ಮೇಲೆ ಇಟ್ಟರು. ಅದನ್ನು ನೋಡಿದರು. ತಲೆ ಎತ್ತಿ, ಇವರ ಹಣೆಯ ಮೇಲಿನ ಮೂರು ಬಿಳಿ ಪಟ್ಟೆಗಳನ್ನು ನೋಡಿದರು. ಮತ್ತೆ ಪುಡಿಯನ್ನು ನೋಡಿದರು.

ಇದನ್ನು ಯಾರು ಉಜ್ಜಿದ್ದು ಎಂದು ಕೇಳಿದರು.

ನಾನು ಎದ್ದು ನಿಂತೆ. ಇಂಗ್ಲಿಷಿನಲ್ಲಿ ‘ನಾನು’ ಎನ್ನುವುದು ಒಂದೇ ಅಕ್ಷರ, ಅದೂ ಬಾಯಿಗೆ ಬರಲಿಲ್ಲ. ಇವರು ನನ್ನ ಕಡೆ ತಿರುಗಲೇ ಇಲ್ಲ. ನಮ್ಮ ಪದ್ಧತಿ, ಬೆಳ್ಳಿಯನ್ನು ವಿಭೂತಿ ಹಚ್ಚದೆ ಬೇರೆಯವರ ಮನೆಗೆ ಒಯ್ಯುವುದಿಲ್ಲ, ನಾನೇ ಉಜ್ಜಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾಣ್ಯ ತೊಳೆಯುವವನು ಕೊಲೆಗಾರ ಎಂದು ರೈಲಿನಲ್ಲಿ ಹೇಳಿದ ಬಾಯಿ ಅದು.

ಸಾಹೇಬರು ನಾಣ್ಯವನ್ನು ಮೂಗಿನ ಹತ್ತಿರ ಹಿಡಿದರು. ಅವರ ಹುಬ್ಬು ಮೇಲೇರಿತು. ಉಜ್ಜಿದ ಮೇಲೆ ಬಣ್ಣ ಬರಿಸಲು ಇದನ್ನು ಮೊಟ್ಟೆಯ ಜೊತೆ ಇಟ್ಟಿದ್ದಾರೆ, ಅದೂ ಇವತ್ತು, ಎಂದರು. ಇವರು ಈಗ ಮಾತ್ರ ನನ್ನ ಕಡೆ ತಿರುಗಿದರು. ಬೆಳಗಿನ ವಾಸನೆ, ಊರಿನ ಗಾಳಿ, ಎಲ್ಲ ಒಂದೊಂದಾಗಿ ಅವರ ಮುಖದಲ್ಲಿ ಹಾದುಹೋದವು. ಬೈದರೆ ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ಅವರು ಸಾಹೇಬರ ಕಡೆ ತಿರುಗಿ ಹೇಳಿದರು.

“ಮೊಟ್ಟೆಯೂ ನಾನೇ.”

ಕನ್ನಡದಲ್ಲೇ ಹೇಳಿಬಿಟ್ಟಿದ್ದರು. ಆಮೇಲೆ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದರು.

ಸಾಹೇಬರು ನಂಬಿದರೋ ಬಿಟ್ಟರೋ ತಿಳಿಯದು. ಎದ್ದು ಬಂದು ಇವರ ಬೆನ್ನು ತಟ್ಟಿ ಊಟಕ್ಕೆ ಕರೆದರು. ಅನ್ನ, ಹಲಸಿನಕಾಯಿ ಪಲ್ಯ, ಸಾರು, ಎಲ್ಲ ಚೆನ್ನಾಗಿತ್ತೆಂದು ಇವರು ಹೊಗಳಿದರು. ನನಗೆ ಒಂದರ ರುಚಿಯೂ ತಿಳಿಯಲಿಲ್ಲ.

ಕೆರೆಯ ದಂಡೆ

ಸಾಯಂಕಾಲ ಕೆರೆಯ ಸುತ್ತ ನಡೆಯುತ್ತಿದ್ದೆವು. ಅರ್ಧ ಸುತ್ತು ಬಂದಿರಬೇಕು. ನಾನೇ ತಡೆಯಲಾರದೆ ಜಯನಗರದ ವಿಭೂತಿಯಿಂದ ಹಿಡಿದು ಅಂಗಡಿಯ ಕೋಳಿಯವರೆಗೆ ಎಲ್ಲ ಹೇಳಿ ಅತ್ತೆ. ಅವರು ಕಲ್ಲಿನ ಕಟ್ಟೆಯ ಮೇಲೆ ಕೂತು ನೀರು ನೋಡಿದರು. ಅವರ ಕಣ್ಣೂ ತುಂಬಿತ್ತು.

“ಆ ಬಣ್ಣ ಇನ್ನು ಬರೋದಿಲ್ಲ ಕಣೇ,” ಎಂದರು. ಅಷ್ಟೇ ಬೈಗುಳ.

ಕಣ್ಣೊರೆಸಿಕೊಂಡು ಕೇಳಿದರು, “ಮೊಟ್ಟೇನ ಹೆಂಗೆ ಹಿಡ್ಕೊಂಡೆ?”

“ಎಲೆಯಲ್ಲಿ ರೀ.”

“ಬಿಸಿ ಇತ್ತಾ?”

ಇತ್ತು ಎಂದೆ. ಅವರ ಭುಜ ಕುಣಿಯತೊಡಗಿತು. ಅಳುತ್ತಿದ್ದಾರೆಂದು ಹತ್ತಿರ ಹೋದರೆ ನಗುತ್ತಿದ್ದರು. ಕೊಕ್ಕೊಕ್ಕೋ ಹೇಗೆ ಅಂದೆ, ಇನ್ನೊಂದು ಸಲ ಮಾಡಿ ತೋರಿಸು ಎಂದರು. ಕೆರೆಯ ದಂಡೆಯ ಮೇಲೆ, ಹೋಗಿಬರುವ ಜನರ ಎದುರಿಗೆ, ಮಾಡಿ ತೋರಿಸಿದೆ. ಮಾರನೆಯ ದಿನ ಪೆರಾದೆನಿಯದ ತೋಟಕ್ಕೆ ಹೋದೆವು. ನಮ್ಮ ಲಾಲ್‌ಬಾಗಿಗಿಂತ ದೊಡ್ಡದು, ಗಾಜಿನ ಮನೆ ಮಾತ್ರ ನಮ್ಮದೇ ಚಂದ. ನಾನು ಸಿಂಹಳವನ್ನು ಕಣ್ಣು ತುಂಬ ನೋಡಿದ್ದು ಆ ಒಂದೇ ದಿನ.

ಮರಳಿ ಮೂರನೇ ಬ್ಲಾಕು

ಎರಡು ವರ್ಷದ ಮೇಲೆ ಸಾಹೇಬರ ಪುಸ್ತಕ ಅಂಚೆಯಲ್ಲಿ ಬಂತು. ಚಿತ್ರ ಅವರ ರೂಪಾಯಿಯದೇ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಇದಕ್ಕಿಂತ ಮೇಲಾದ ಇನ್ನೊಂದು ಬೆಂಗಳೂರಿನ ಜಯನಗರದಲ್ಲಿತ್ತು, ಅದರ ಒಡೆಯರೇ ಅದನ್ನು ವಿಭೂತಿಯಿಂದ ಉಜ್ಜಿ, ಮೊಟ್ಟೆಯೊಡನೆ ಇಟ್ಟು ಕೆಡಿಸಿದರು. ಮುಂದೆ ಇವರ ಹೆಸರು, ಒಂದಕ್ಷರವೂ ತಪ್ಪದೆ.

ನಾಣ್ಯದ ಗೆಳೆಯರು ಬಂದು ಇವರ ಮುಖದ ಮೇಲೇ ನಕ್ಕರು. ನಮ್ಮ ಬಳಗದ ಹಿರಿಯರೊಬ್ಬರು ಮೊಟ್ಟೆಯ ವಿಷಯ ಕೇಳಿ ಆರು ತಿಂಗಳು ನಮ್ಮ ಮನೆಯ ನೀರು ಮುಟ್ಟಲಿಲ್ಲ. ನಿಜ ಬರೆದು ತಿಳಿಸುತ್ತೇನೆ ಎಂದು ನಾನು ಎಷ್ಟೋ ಸಲ ಹೊರಟೆ. ಸುಮ್ಮನಿರು, ಹೆಸರಾದರೂ ಸರಿಯಾಗಿ ಅಚ್ಚಾಗಿದೆ ಎಂದು ತಡೆದರು. ಯಾರು ಕೇಳಿದರೂ ಅವರದು ಇವತ್ತಿಗೂ ಅದೇ ಉತ್ತರ, ಹೌದು, ನಾನೇ.

ಇದನ್ನು ಬರೆಯುತ್ತಿರುವಾಗ ಅವರು ಪಕ್ಕದ ಕೋಣೆಯಲ್ಲಿ ನಮ್ಮ ರಾಣಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ನಾನು ಪ್ರವಾಸದ ಕತೆ ಬರೆಯುತ್ತಿದ್ದೇನೆಂದು ಅವರಿಗೆ ಗೊತ್ತು, ಯಾಕೆಂದು ಗೊತ್ತಿಲ್ಲ. ಗಂಡನ ಹೆಸರನ್ನು ಬಾಯಲ್ಲಿ ಆಡಬಾರದೆಂದು ನನ್ನ ತಾಯಿ ಹೇಳಿಕೊಟ್ಟಿದ್ದಾಳೆ. ಬರೆಯಬಾರದೆಂದು ಹೇಳಿಲ್ಲ. ಆದ್ದರಿಂದ ಆ ಪುಸ್ತಕ ಓದಿದವರೂ ಓದದವರೂ ತಿಳಿಯಲೆಂದು ಬರೆಯುತ್ತಿದ್ದೇನೆ: ಜಯನಗರದ ಗುರುಶಾಂತಪ್ಪನವರು ತಮ್ಮ ಜನ್ಮದಲ್ಲಿ ಒಂದು ನಾಣ್ಯವನ್ನೂ ತೊಳೆದವರಲ್ಲ, ಒಂದು ಮೊಟ್ಟೆಯನ್ನೂ ಮುಟ್ಟಿದವರಲ್ಲ. ವಿಭೂತಿ ನಾನು. ಮೊಟ್ಟೆಯೂ ನಾನೇ.